ನಾಲ್ಕು ಜಿಬಿ ಮೆಮೊರಿಯಲ್ಲಿ ಇನ್ನೂರು ಜನರ ಮ್ಯಾಸ್ಟಡಾನ್: ನನ್ನ ಅನುಭವ

ನಾಲ್ಕು ಜಿಬಿ ಮೆಮೊರಿಯ ಒಂದೇ ಸರ್ವರ್‌ನಲ್ಲಿ ಇನ್ನೂರು ಜನರ ಮ್ಯಾಸ್ಟಡಾನ್ (ಯಾರು ಬೇಕಾದರೂ ತಮ್ಮದೇ ಸರ್ವರ್‌ನಲ್ಲಿ ನಡೆಸಬಹುದಾದ, ಟ್ವಿಟರ್‌ನಂಥ ಜಾಲತಾಣ) ನಡೆಯುವುದಿಲ್ಲ ಎಂದು ಕೇಳಿದವರೆಲ್ಲ ಹೇಳಿದರು. ನಮ್ಮ ಛಾಯಾಗ್ರಾಹಕರ ಬಳಗದ ಸರ್ವರ್ ಹಾಗೆಯೇ ನಡೆಯುತ್ತಿದೆ. ಖರ್ಚು ಮೊದಲು ಕಟ್ಟುತ್ತಿದ್ದ ಬಾಡಿಗೆಯ ಮೂರನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಸರ್ವರ್ ನಡೆಸಿ ಕೈ ಸುಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಕ್ಟಿವಿಟಿಪಬ್ (ಇಂಥ ಸರ್ವರ್‌ಗಳು ಪರಸ್ಪರ ಮಾತಾಡುವ ನಿಯಮಾವಳಿ), ಎನ್‌ಜಿನ್‌ಎಕ್ಸ್ (ವೆಬ್ ಸರ್ವರ್ ತಂತ್ರಾಂಶ) ನಿಮಗೆ ಹೊಸದಲ್ಲ.

2022ರ ಕೊನೆಯಲ್ಲಿ ಟ್ವಿಟರ್ ಕೈ ಬದಲಾದಾಗ ಬಂದ ಜನಪ್ರವಾಹದಲ್ಲಿ ನಾವೂ ಬಂದೆವು. ಟೈಮ್‌ಲೈನ್ ಖಾಲಿ ಎಂದು ಸದಸ್ಯರು ಗೊಣಗಿದ್ದರಿಂದ ಎರಡು ಮೂರು ರಿಲೇಗಳನ್ನು, ಅಂದರೆ ಬೇರೆ ಸರ್ವರ್‌ಗಳ ಪೋಸ್ಟ್‌ಗಳನ್ನು ತಂದು ಸುರಿಯುವ ಸೇವೆಗಳನ್ನು, ಸೇರಿಸಿದೆವು. ಟೈಮ್‌ಲೈನ್ ತುಂಬಿತು, ಡಿಸ್ಕೂ ತುಂಬಿತು. 80 ಜಿಬಿಯಲ್ಲಿ ಅರವತ್ತರಷ್ಟು ಹೊರಗಿನವರ ಚಿತ್ರಗಳ ನಕಲು. ನಮ್ಮವರು ಹಾಕಿದ ಚಿತ್ರಗಳು ಐದಾರು ಜಿಬಿ ಅಷ್ಟೆ. ದೊಡ್ಡ ಯಂತ್ರ ತೆಗೆದುಕೊಂಡೆವು, ಬಾಡಿಗೆ ದುಪ್ಪಟ್ಟಾಯಿತು. ಒಂದೂವರೆ ತಿಂಗಳಲ್ಲಿ ಅದೂ ಭರ್ತಿ. ಆಮೇಲೆ ಆಬ್ಜೆಕ್ಟ್ ಸ್ಟೋರೇಜ್‌ಗೆ, ಅಂದರೆ ಕಡತ ಇಡಲು ಬಾಡಿಗೆಗೆ ಸಿಗುವ ಕ್ಲೌಡ್ ಜಾಗಕ್ಕೆ, ಹೋದೆವು. ಇಡುವುದಕ್ಕೆ ಅಗ್ಗ, ಆದರೆ ಹೊರಗೆ ಹೋಗುವ ಪ್ರತಿ ಜಿಬಿಗೂ ಪ್ರತಿ ಕೋರಿಕೆಗೂ ಬೇರೆ ಲೆಕ್ಕ. ಚಿತ್ರಗಳೇ ಜೀವಾಳವಾಗಿರುವ ಬಳಗಕ್ಕೆ ಆ ಬಿಲ್ಲು ಬಾಡಿಗೆಯನ್ನೂ ಮೀರಿತು.

ಆಗ ದಾರಿ ತಿರುಗಿಸಿದೆ. ರಿಲೇಗಳನ್ನೆಲ್ಲ ಕಿತ್ತು ಹಾಕಿದೆ. ಹೊರಗಿನ ಮಾಧ್ಯಮದ ನಕಲು ಮೂರು ದಿನ ಮಾತ್ರ ಉಳಿಯಲಿ ಎಂದು ಗೊತ್ತುಪಡಿಸಿದೆ. ಇಲ್ಲಿ ಅನೇಕರು ಒಂದನ್ನು ಬಿಟ್ಟುಬಿಡುತ್ತಾರೆ: ಮ್ಯಾಸ್ಟಡಾನ್‌ನ ನಿರ್ವಹಣಾ ಸಾಧನವಾದ ಟೂಟ್‌ಸಿಟಿಎಲ್‌ನ ಸಾಮಾನ್ಯ ಶುಚಿ ಆದೇಶ ಹೊರಗಿನವರ ಪ್ರೊಫೈಲ್ ಚಿತ್ರ, ಹೆಡರ್‌ಗಳನ್ನು ಮುಟ್ಟುವುದೇ ಇಲ್ಲ. ಪ್ರೂನ್ ಪ್ರೊಫೈಲ್ಸ್ ಆಯ್ಕೆಯನ್ನು ಬೇರೆಯಾಗಿಯೇ ಓಡಿಸಬೇಕು. ನಮ್ಮಲ್ಲಿ ಅದೊಂದರಿಂದಲೇ ಹದಿನೈದು ಜಿಬಿಯ ಹತ್ತಿರ ಖಾಲಿಯಾಯಿತು. ಲಿಂಕ್ ಮುನ್ನೋಟದ ಚಿತ್ರಗಳಿಗೂ ಪ್ರತ್ಯೇಕ ಆದೇಶವಿದೆ.

ರಿಲೇ ಇಲ್ಲದೆ ಟೈಮ್‌ಲೈನ್ ಮತ್ತೆ ಬರಡಾಗುತ್ತದೆ ಎಂದು ಎಲ್ಲರೂ ಹೆದರಿಸಿದರು. ಒಳ್ಳೆಯ ಛಾಯಾಗ್ರಾಹಕರ ಎಂಬತ್ತು ಖಾತೆಗಳನ್ನು ನಾನೇ ಕೂತು ಆರಿಸಿ ಸಿಎಸ್‌ವಿ ಕಡತ ಮಾಡಿದೆ. ಹೊಸಬರು ಬಂದ ಕೂಡಲೇ ಅದನ್ನು ಆಮದು ಮಾಡಿಕೊಳ್ಳುತ್ತಾರೆ. ಮ್ಯಾಸ್ಟಡಾನ್‌ನ ನಾಲ್ಕನೇ ಆವೃತ್ತಿಯಿಂದ ಹ್ಯಾಶ್‌ಟ್ಯಾಗ್‌ಗಳನ್ನೂ ಅನುಸರಿಸಬಹುದಲ್ಲ, ಅದನ್ನೂ ಕಲಿಸಿದೆವು. ರಿಲೇ ತಂದು ಸುರಿಯುತ್ತಿದ್ದ ರಾಶಿಗಿಂತ ಈ ಟೈಮ್‌ಲೈನ್ ಎಷ್ಟೋ ಮೇಲು.

ಮೆಮೊರಿ ತಿನ್ನುವುದು ಮುಖ್ಯವಾಗಿ ಸೈಡ್‌ಕಿಕ್, ಅಂದರೆ ಹಿನ್ನೆಲೆ ಕೆಲಸಗಳನ್ನು ನಡೆಸುವ ಭಾಗ. ದಾಖಲೆಯಲ್ಲಿ ಕಾಣುವ 25 ಥ್ರೆಡ್‌ಗಳನ್ನು (ಏಕಕಾಲಕ್ಕೆ ನಡೆಯುವ ಕೆಲಸಗಳನ್ನು) ಹತ್ತಕ್ಕೆ ಇಳಿಸಿ, ಡೇಟಾಬೇಸ್ ಪೂಲ್ (ಸಂಪರ್ಕಗಳ) ಸಂಖ್ಯೆಯನ್ನೂ ಅದಕ್ಕೆ ಸರಿಹೊಂದಿಸಿದೆ. ಹೊರಗೆ ಕಳಿಸುವ ಪುಶ್ ಮತ್ತು ಹೊರಗಿನಿಂದ ತರುವ ಪುಲ್ ಕೆಲಸಗಳ ಸರತಿಗಳು ಬೇರೆ ಪ್ರೊಸೆಸ್‌ನಲ್ಲಿವೆ. ನಿಗದಿತ ಸಮಯದ ಕೆಲಸಗಳ ಶೆಡ್ಯೂಲರ್ ಸರತಿ ಮಾತ್ರ ಒಂದೇ ಕಡೆ ಇರಬೇಕು, ಎರಡು ಕಡೆ ಇಟ್ಟರೆ ಗೋಳು. ಸರತಿಗಳಿಗೆ ಕೊಟ್ಟಿರುವ ಆದ್ಯತೆಯ ಕ್ರಮವನ್ನೂ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನಲ್ಲಿ ಬದಲಿಸಿದ ಎರಡು ಸೆಟ್ಟಿಂಗ್‌ಗಳನ್ನೂ ಇಲ್ಲಿ ಬಿಚ್ಚಿಡುವುದಿಲ್ಲ. ಬಹಳ ನಿದ್ದೆಗೆಟ್ಟು ಕಂಡುಕೊಂಡದ್ದು ಅದು.

ನಡುವೆ ಮ್ಯಾಸ್ಟಡಾನ್‌ಗೆ ಬದಲಿಯಾಗಬಲ್ಲ ಹಗುರ ತಂತ್ರಾಂಶ ಗೋಟೂಸೋಶಿಯಲ್ ಕೂಡ ಪ್ರಯೋಗಿಸಿದೆ. ಮುನ್ನೂರು ಎಂಬಿ ಆಸುಪಾಸಿನಲ್ಲಿ ಆರಾಮಾಗಿ ಓಡುತ್ತಿತ್ತು. ಏಳೆಂಟು ಜನರ ಗುಂಪಿಗೆ ನನ್ನ ಮತ ಅದಕ್ಕೇ. ಆದರೆ ಅದೇ ಡೊಮೇನ್‌ನಲ್ಲಿ ತಂತ್ರಾಂಶ ಬದಲಿಸಿದರೆ ಹೊರಗಿನ ಸರ್ವರ್‌ಗಳು ನೆನಪಿಟ್ಟುಕೊಂಡ, ಖಾತೆಗಳನ್ನು ಗುರುತಿಸುವ ಕೀಲಿಗಳು ತಾಳೆಯಾಗುವುದಿಲ್ಲ. ಹೊಸ ಡೊಮೇನ್‌ಗೆ ಹೋದರೆ ಅನುಯಾಯಿಗಳು ಬರುತ್ತಾರೆ, ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ಇನ್ನೂರು ಜನರಿಗೆ ಆ ಮಾತು ಹೇಳಲು ಮನಸ್ಸಾಗಲಿಲ್ಲ. ವಿಡಿಯೊಗಾಗಿ ಪಕ್ಕದಲ್ಲೇ ಪೀರ್‌ಟ್ಯೂಬ್ ಎಂಬ ವಿಡಿಯೊ ತಾಣದ ತಂತ್ರಾಂಶ ಇಟ್ಟೆ. ಟ್ರಾನ್ಸ್‌ಕೋಡಿಂಗ್ (ವಿಡಿಯೊವನ್ನು ಬೇರೆ ಬೇರೆ ರೂಪಕ್ಕೆ ಬದಲಿಸುವುದು) ಶುರುವಾದರೆ ಸರ್ವರ್ ಮಲಗಿಬಿಡುತ್ತಿತ್ತು. 2023ರಲ್ಲಿ ಬಂದ ಪೀರ್‌ಟ್ಯೂಬ್ 5.2 ಆವೃತ್ತಿಯ ರಿಮೋಟ್ ರನ್ನರ್, ಅಂದರೆ ಆ ಕೆಲಸವನ್ನು ಬೇರೆ ಯಂತ್ರಕ್ಕೆ ವಹಿಸುವ ಸೌಲಭ್ಯ, ಅದಕ್ಕೆ ಮದ್ದಾಯಿತು: ಮನೆಯಲ್ಲಿ ದೂಳು ತಿನ್ನುತ್ತಿದ್ದ ಹಳೆಯ ಡೆಸ್ಕ್‌ಟಾಪ್ ಈಗ ಆ ಭಾರ ಹೊರುತ್ತಿದೆ.

ಇನ್ನು ಹಣ. ದೇಣಿಗೆ ಪುಟ ತೆರೆದಾಗ ಕೊಟ್ಟವರು ಹದಿನೈದು ಜನರೂ ಇರಲಿಕ್ಕಿಲ್ಲ, ಮೊದಲ ವರ್ಷದ ಬಹುಪಾಲು ನನ್ನ ಜೇಬಿನಿಂದಲೇ ಹೋಯಿತು. ಆಮೇಲೆ ಖರ್ಚಿನ ಪೂರ್ತಿ ಲೆಕ್ಕವನ್ನು ಬಾಡಿಗೆ, ಡೊಮೇನ್, ಬ್ಯಾಕಪ್ ಜಾಗ, ಇಮೇಲ್ ಸೇವೆ ಎಂದು ಬಿಡಿಸಿ ಪ್ರತಿ ತಿಂಗಳು ಸದಸ್ಯರ ಮುಂದೆ ಇಡತೊಡಗಿದೆ. ತಲೆಗೆ ಇಷ್ಟು ಎಂದು ವಾರ್ಷಿಕ ಪಾಲು ಕೇಳಿದೆ, ವಿದ್ಯಾರ್ಥಿಗಳಿಗೆ ವಿನಾಯಿತಿ. ಮುಕ್ಕಾಲು ಪಾಲು ಜನ ಕೇಳಿದ ವಾರದೊಳಗೇ ಕಟ್ಟಿದರು. ಈಗ ಮುಂದಿನ ಎಂಟು ತಿಂಗಳ ಬಾಡಿಗೆ ಕೈಯಲ್ಲಿದೆ. ಇಮೇಲ್ ಸರ್ವರನ್ನು ನಾವೇ ನಡೆಸುವ ಹಟ ಬಿಟ್ಟದ್ದೂ ಒಳ್ಳೆಯದಾಯಿತು. ಪತ್ರ ಅಸಲಿ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ ಎಲ್ಲ ಸರಿ ಇದ್ದರೂ ನಮ್ಮ ಐಪಿಯಿಂದ ಹೋದ ದೃಢೀಕರಣ ಪತ್ರಗಳು ಸ್ಪ್ಯಾಮ್‌ಗೇ ಬೀಳುತ್ತಿದ್ದವು.

ಡೇಟಾಬೇಸ್ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ಒಂದನ್ನೇ ಬ್ಯಾಕಪ್ ಎಂದು ನಂಬಬೇಡಿ. ಸರ್ವರ್‌ನ ಸೆಟ್ಟಿಂಗ್‌ಗಳಿರುವ ಪ್ರೊಡಕ್ಷನ್ ಎನ್ವ್ ಕಡತವೂ ಬೇಕು, ಮ್ಯಾಸ್ಟಡಾನ್ 4.3ರಿಂದ ಬಂದ ಎನ್‌ಕ್ರಿಪ್ಶನ್ ಕೀಲಿಗಳು ಅದರಲ್ಲೇ ಇವೆ. ನಾಲ್ಕು ತಿಂಗಳಿಗೊಮ್ಮೆ ಖಾಲಿ ಯಂತ್ರದ ಮೇಲೆ ಎಲ್ಲವನ್ನೂ ಮರಳಿ ಎಬ್ಬಿಸಿ ನೋಡುತ್ತೇವೆ, ಮೂರು ಗಂಟೆಯೊಳಗೆ ಮುಗಿಯುತ್ತದೆ. ಮುಂದಿನ ಸಲ ಅದನ್ನು ಮಾಡುವವರು ನಾನಲ್ಲ, ಬಳಗದ ಇನ್ನೊಬ್ಬ ಸದಸ್ಯೆ. ಕೀಲಿಗಳ ಒಂದು ಪ್ರತಿ ಆಗಲೇ ಅವರ ಬಳಿ ಇದೆ.