ಲಿಂಕ್ ಬಿಡುವ ಮೊದಲು ಪಕ್ಕದಲ್ಲಿ ಕೂತು ನೋಡಿ

ಮುಂಬೈಯ ಕನ್ನಡಿಗರ ಮನೆಗಳಲ್ಲಿ ಈಗ ಯಾವ ಭಾಷೆಯಲ್ಲಿ ಮಾತು ನಡೆಯುತ್ತದೆ? ನನ್ನ ಸಂಶೋಧನೆಯ ವಿಷಯ ಇದು. ಡೊಂಬಿವಲಿ, ಮೀರಾರೋಡ್, ಮಾಟುಂಗಾ, ವಾಶಿ ಅಂತ ಚದುರಿರುವ ಜನರನ್ನು ಮನೆಮನೆಗೆ ಹೋಗಿ ಕೇಳುವುದು ಒಬ್ಬಳಿಂದ ಆಗುವ ಕೆಲಸವಲ್ಲ. ಹಾಗಾಗಿ ಗೂಗಲ್ ಫಾರ್ಮ್ಸ್ ಆರಿಸಿಕೊಂಡೆ: ಪ್ರಶ್ನೆಗಳನ್ನು ಜೋಡಿಸಿ ಲಿಂಕ್ ಕಳಿಸಿದರೆ ಜನ ಮೊಬೈಲಿನಲ್ಲೇ ಉತ್ತರ ತುಂಬಬಹುದು.

ಫಾರ್ಮ್ ಮಾಡುವುದು ಸುಲಭ, ಪ್ರಶ್ನೆ ಕಷ್ಟ. ಮಾತೃಭಾಷೆ ಯಾವುದು ಅಂತ ಒಂದೇ ಪ್ರಶ್ನೆ ಕೇಳಿದರೆ ಇಲ್ಲಿ ಸಾಲುವುದಿಲ್ಲ. ಕರಾವಳಿಯಿಂದ ಬಂದ ಎಷ್ಟೋ ಮನೆಗಳಲ್ಲಿ ಮಾತು ತುಳು, ಹಿರಿಯರ ಓದು ಕನ್ನಡ, ಮಕ್ಕಳ ಶಾಲೆ ಇಂಗ್ಲಿಷ್, ಹೊರಗೆ ಮರಾಠಿ, ಹಿಂದಿ. ಅದಕ್ಕೆ ಅಮ್ಮನ ಜೊತೆ ಯಾವುದು, ಮಕ್ಕಳನ್ನು ಗದರಿಸುವಾಗ ಯಾವುದು, ಊರಿಗೆ ಫೋನ್ ಮಾಡಿದಾಗ ಯಾವುದು ಅಂತ ಬಿಡಿಬಿಡಿಯಾಗಿ ಕೇಳಿದೆ. ಒಂದಕ್ಕಿಂತ ಜಾಸ್ತಿ ಉತ್ತರ ಆರಿಸಲೂ ಬಿಟ್ಟೆ. ‘ಮಕ್ಕಳಿಗೆ ಕನ್ನಡ ಓದಲು, ಬರೆಯಲು ಬರುತ್ತದೆಯೇ?’ ಅನ್ನುವುದೂ ನಿಜವಾಗಿ ಎರಡು ಪ್ರಶ್ನೆ. ಓದಲು ಬಂದು ಬರೆಯಲು ಬಾರದಿದ್ದರೆ ಏನು ಒತ್ತಬೇಕು?

ಲಿಂಕ್ ಬಿಡುವ ಮೊದಲು ಕೆಲವರ ಪಕ್ಕ ಕೂತು ಅವರದೇ ಮೊಬೈಲಿನಲ್ಲಿ ತುಂಬಿಸಿದೆ. ಓದುತ್ತಾ ಅನಿಸಿದ್ದನ್ನು ಬಾಯಿಬಿಟ್ಟು ಹೇಳಿ ಅಂದೆ. ‘ಯಾವಾಗಲೂ’ ಎಂಬಲ್ಲಿಂದ ‘ಇಲ್ಲವೇ ಇಲ್ಲ’ದವರೆಗೆ ಐದು ಉತ್ತರಗಳನ್ನು ಅಡ್ಡಸಾಲಿನಲ್ಲಿ ಇಟ್ಟಿದ್ದೆ. ಡೊಂಬಿವಲಿಯ ಒಬ್ಬ ಅಕ್ಕ ಬೆರಳು ಎತ್ತಿ ಹಾಗೇ ನಿಂತರು. “ಇಷ್ಟೇ ಅಲ್ವಾ ಇರೋದು? ‘ಇಲ್ಲವೇ ಇಲ್ಲ’ ಅಂತ ಒಂದು ಬೇಕಿತ್ತಲ್ಲಮ್ಮಾ” ಅಂದರು. ಅದು ಇತ್ತು. ಆದರೆ ಅವರ ಪರದೆಯಲ್ಲಿ ಕಾಣುತ್ತಿದ್ದದ್ದು ಮೊದಲ ಮೂರು ಮಾತ್ರ, ಉಳಿದವಕ್ಕೆ ಪಕ್ಕಕ್ಕೆ ಸರಿಸಬೇಕು. ಆ ಪಟ್ಟಿಯನ್ನೇ ತೆಗೆದು ಉತ್ತರಗಳನ್ನು ಒಂದರ ಕೆಳಗೊಂದು ಜೋಡಿಸಿದೆ. ಲ್ಯಾಪ್‌ಟಾಪಿನಲ್ಲಿ ಎಷ್ಟು ಸಲ ನೋಡಿದರೂ ಇದು ಗೊತ್ತಾಗುವಂಥದ್ದಲ್ಲ.

ಇಲ್ಲಿ ಬೆಳೆದ ಹಲವರು ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಲಿಪಿ ಬರುವುದಿಲ್ಲ. ಕನ್ನಡದಲ್ಲಿ ಮಾತ್ರ ಕೇಳಿದರೆ ಅವರೇ ಬಿಟ್ಟುಹೋಗುತ್ತಾರೆ. ಮೊದಲ ಪ್ರಶ್ನೆಯಲ್ಲೇ ಕನ್ನಡವೋ ಇಂಗ್ಲಿಷೋ ಅಂತ ಕೇಳಿ, ಉತ್ತರದ ಪ್ರಕಾರ ಬೇರೆ ಬೇರೆ ಭಾಗಕ್ಕೆ ಕಳಿಸಿದೆ. ಎರಡೂ ಭಾಗದ ಉತ್ತರಗಳು, ಅವೆಲ್ಲ ಸೇರುವ ಗೂಗಲ್ ಶೀಟಿನಲ್ಲಿ, ಬೇರೆ ಬೇರೆ ಕಾಲಮ್‌ಗೆ ಬೀಳುತ್ತವೆ, ಆಮೇಲೆ ಕೂಡಿಸಬೇಕು. ಆ ಕಷ್ಟಕ್ಕೆ ಬೆಲೆ ಇದೆ.

ಇನ್ನು ಎಷ್ಟು ಜನ ಸಾಕು? ಎಲ್ಲರೂ 384 ಅನ್ನುತ್ತಾರೆ. ದೊಡ್ಡ ಜನಸಂಖ್ಯೆಗೆ, ಶೇ. 95 ವಿಶ್ವಾಸಮಟ್ಟ, ಶೇ. 5 ತಪ್ಪಿನ ಅಂತರ ಅಂತ ಹಿಡಿದರೆ ಬರುವ ಲೆಕ್ಕ ಅದು: ಇಂಥ ಸಮೀಕ್ಷೆ ನೂರು ಸಲ ಮಾಡಿದರೆ ಸುಮಾರು 95 ಸಲ, ಬಂದ ಶೇಕಡಾ ಲೆಕ್ಕ ನಿಜವಾದದ್ದಕ್ಕಿಂತ ಹೆಚ್ಚೆಂದರೆ ಐದು ಅಂಕ ಆಚೀಚೆ ಇರುತ್ತದೆ ಅಂತ. ಆದರೆ ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರೆ ಮಾತ್ರ ಆ ಲೆಕ್ಕ ನಿಲ್ಲುತ್ತದೆ. ವಾಟ್ಸಾಪಿನಲ್ಲಿ ಹರಿದ ಲಿಂಕಿಗೆ ಅದು ಅನ್ವಯಿಸುವುದಿಲ್ಲ. ಉತ್ತರ ಎಷ್ಟು ಬಂತು ಅನ್ನುವುದಕ್ಕಿಂತ ಯಾರಿಂದ ಬಂತು ಅನ್ನುವುದು ಮುಖ್ಯ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮೊದಲು, ಯಾರಿಗೆ ಮತ ಅಂತ ಕೇಳಿದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಗೆ ಸುಮಾರು 24 ಲಕ್ಷ ಉತ್ತರ ಬಂದಿತ್ತು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ಆದರೆ ಅವರ ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಪತ್ರಿಕೆಯವರು ಹೆಚ್ಚಾಗಿ ಟೆಲಿಫೋನ್, ಕಾರು ಇದ್ದವರ ಪಟ್ಟಿಯಿಂದ ಹೆಸರು ಆರಿಸಿಕೊಂಡಿದ್ದರು, ಉತ್ತರ ಕಳಿಸಿದವರೂ ಅವರಲ್ಲಿ ಕೆಲವರೇ.

ನನ್ನ ಲಿಂಕ್ ಓಡಾಡಿದ್ದು ಕನ್ನಡ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ. ಕನ್ನಡದ ಮೇಲೆ ಮೊದಲೇ ಪ್ರೀತಿ ಇರುವವರ ಜಾಗ ಅದು. ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗರು ಅಲ್ಲಿ ಸಿಗುವುದಿಲ್ಲ. ಮಧ್ಯಾಹ್ನ ಊಟದ ಗಡಿಬಿಡಿ ಮುಗಿದ ಮೇಲೆ ಉಡುಪಿ ಹೋಟೆಲುಗಳಿಗೆ ಹೋಗಿ, ಮಾಲೀಕರನ್ನು ಕೇಳಿ, ಹುಡುಗರ ಜೊತೆ ಕೂತು ನಾನೇ ತುಂಬಿದೆ. ಮಾಲೀಕರು ಹತ್ತಿರ ಇರದ ಹಾಗೆ ನೋಡಿಕೊಂಡೆ. ಎದುರಿಗೆ ಒಬ್ಬರು ಕೂತಾಗ ಜನ ಕೊಡುವ ಉತ್ತರವೇ ಬೇರೆ, ಹಾಗಾಗಿ ಅವನ್ನು ಬೇರೆ ಗುರುತು ಹಾಕಿ ಇಟ್ಟೆ. ಪ್ರಬಂಧದಲ್ಲಿ ‘ಮುಂಬೈ ಕನ್ನಡಿಗರಲ್ಲಿ’ ಅಂತ ಎಲ್ಲೂ ಬರೆದಿಲ್ಲ, ‘ಉತ್ತರಿಸಿದವರಲ್ಲಿ’ ಅಂತಲೇ ಬರೆದೆ.

ಆದಾಯದ ಪ್ರಶ್ನೆ ಕೊನೆಯಲ್ಲಿರಲಿ, ಕಡ್ಡಾಯ ಮಾಡಬೇಡಿ. ಮುಂದೆ ಮಾತಾಡಲು ಒಪ್ಪಿದವರ ನಂಬರನ್ನು ಬೇರೆಯೇ ಫಾರ್ಮಿನಲ್ಲಿ ತೆಗೆದುಕೊಳ್ಳಿ. ಅವರ ಉತ್ತರವೂ ಹೆಸರೂ ಒಂದೇ ಸಾಲಿನಲ್ಲಿ ಕೂರಬಾರದು.