ಅಳೆದು ತೂಗಿ ಆರಿಸಿಕೊಂಡ ಹಾರ್ಮೋನು

ನನಗೆ 51 ತುಂಬಿದ ವರ್ಷ ಮುಟ್ಟು ನಿಂತಿತು. ಸತತ 12 ತಿಂಗಳು ಮುಟ್ಟಾಗದೆ ಇದ್ದಾಗ ಮಾತ್ರ ವೈದ್ಯರು ಅದನ್ನು ಋತುಬಂಧ ಎಂದು ಕರೆಯುತ್ತಾರೆ. ಆ ಲೆಕ್ಕ ಮುಗಿಯುವ ಹೊತ್ತಿಗೆ ನಾನು ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡದೆ ಎಂಟು ತಿಂಗಳು ಕಳೆದಿದ್ದವು. ಮೊದಲು ಎದೆ ಡವಗುಟ್ಟುತ್ತಿತ್ತು, ಆಮೇಲೆ ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಬಿಸಿ ಏರುತ್ತಿತ್ತು. ಮೂರು ನಾಲ್ಕು ನಿಮಿಷದಲ್ಲಿ ರವಿಕೆ ತೊಯ್ದು ಮೈಗೆ ಅಂಟಿಕೊಂಡು, ಅದರ ಬೆನ್ನಿಗೇ ಚಳಿ ಹಿಡಿದು ಹೊದಿಕೆ ಎಳೆದುಕೊಳ್ಳಬೇಕಾಗುತ್ತಿತ್ತು. ಹಗಲು ತರಗತಿಯಲ್ಲಿ ಪಾಠ ಹೇಳುತ್ತಿರುವಾಗ ಹೀಗಾದರೆ ಬೋರ್ಡಿನ ಕಡೆ ತಿರುಗಿ ನಿಂತು, ಅದು ಇಳಿಯುವವರೆಗೆ ಏನಾದರೂ ಬರೆಯುತ್ತಲೇ ಇರುತ್ತಿದ್ದೆ.

ಇದೆಲ್ಲ ಮನಸ್ಸಿನ ದೌರ್ಬಲ್ಯ ಎಂದು ಹೇಳಿದವರಿದ್ದರು. ನಾನೂ ಕೆಲವು ಕಾಲ ನಂಬಿದೆ. ನಿಜವಾಗಿ ನಡೆಯುವುದು ಮೆದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿ. ಮೈಯ ಬಿಸಿಯನ್ನು ಒಂದು ಮಿತಿಯೊಳಗೆ ಹಿಡಿದಿಡುವ ಕೆಲಸ ಅದರದು. ಅಂಡಾಶಯ ತಯಾರಿಸುವ ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿದಾಗ ಆ ಮಿತಿ ಕಿರಿದಾಗಿ, ಬಿಸಿ ಒಂದಿಷ್ಟೇ ಏರಿದರೂ ದೇಹ ಬೆವರು ಸುರಿಸಿ ಅದನ್ನು ಹೊರಹಾಕಲು ತೊಡಗುತ್ತದೆ. ಇದನ್ನು ತಿಳಿದ ದಿನವೇ ಒಂದು ಪುಸ್ತಕ ತೆಗೆದು, ಪ್ರತಿ ಸಲ ಬಿಸಿ ಏರಿದಾಗಲೂ ಹೊತ್ತನ್ನೂ ಅದರ ತೀವ್ರತೆಯನ್ನೂ ಬರೆದಿಡಲು ಆರಂಭಿಸಿದೆ. ಮೊದಲ ವಾರದಲ್ಲಿ 61 ಸಲ ಆಗಿತ್ತು. ಮುಂದೆ ನಾನು ಮಾಡಿದ ಪ್ರತಿ ತೀರ್ಮಾನಕ್ಕೂ ಈ ಪುಸ್ತಕವೇ ಆಧಾರವಾಯಿತು.

ಇಳಿದ ಹಾರ್ಮೋನನ್ನು ಔಷಧವಾಗಿ ತೆಗೆದುಕೊಳ್ಳುವ ಮಾತನ್ನು ಮೊದಲು ಎತ್ತಿದವಳು ನನ್ನ ತಂಗಿ. "ಅಕ್ಕಾ, ಬಯೋಐಡೆಂಟಿಕಲ್ ಅಂತ ಇದೆ, ಗಿಡದಿಂದ ಮಾಡೋದು, ಏನೂ ತೊಂದರೆ ಇಲ್ಲ" ಎಂದು ಅವಳು ಹೇಳಿದಾಗ ಅವಳು ಹೇಳಿದ ಚಿಕಿತ್ಸಾಲಯಕ್ಕೇ ಹೋದೆ. ಅಲ್ಲಿ ನನ್ನ ಜೊಲ್ಲಿನ ಮಾದರಿ ತೆಗೆದುಕೊಂಡು, ಅದರಲ್ಲಿನ ಹಾರ್ಮೋನು ಅಳೆದು, ನನಗೆಂದೇ ಪ್ರತ್ಯೇಕವಾಗಿ ಬೆರೆಸಿದ ಮುಲಾಮೊಂದನ್ನು ಕೊಡುವುದಾಗಿ ಹೇಳಿದರು. ಹತ್ತು ದಿನದ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿದಾಗ ಬಂದ ಅಂಕಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಮುಲಾಮಿನ ಡಬ್ಬಿಯ ಮೇಲೆ ನನ್ನ ಹೆಸರಿತ್ತು, ದಿನಕ್ಕೆ ಎರಡು ಬಾರಿ ಹಚ್ಚಬೇಕೆಂದಿತ್ತು. ಯಾರು ಬಳಸಬಾರದು, ಏನಾದರೆ ನಿಲ್ಲಿಸಬೇಕು ಎಂದು ತಿಳಿಸುವ ಕಾಗದ ಇರಲಿಲ್ಲ. ಕೇಳಿದಾಗ, ಇದು ಸಹಜವಾದದ್ದು, ಅಂಥ ಎಚ್ಚರಿಕೆಯ ಅಗತ್ಯವಿಲ್ಲ ಎಂಬ ಉತ್ತರ ಬಂತು. ಆ ಡಬ್ಬಿಯನ್ನು ನಾನು ತೆರೆಯಲೇ ಇಲ್ಲ.

ಬಯೋಐಡೆಂಟಿಕಲ್ ಎಂಬ ಶಬ್ದದ ಅರ್ಥವನ್ನು ಬಿಡಿಸಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ಅಂಡಾಶಯ ತಯಾರಿಸುವ ಹಾರ್ಮೋನಿನ ಅಣುವಿಗೂ ಔಷಧದ ಅಣುವಿಗೂ ರಚನೆಯಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಅದನ್ನು ಬಯೋಐಡೆಂಟಿಕಲ್ ಎನ್ನುತ್ತಾರೆ. ಈಸ್ಟ್ರೋಜೆನ್‌ನ ಒಂದು ಬಗೆಯಾದ ಎಸ್ಟ್ರಡೈಯಾಲ್ ಮತ್ತು ಅಂಡಾಶಯದ ಇನ್ನೊಂದು ಹಾರ್ಮೋನಾದ ಪ್ರೊಜೆಸ್ಟರಾನ್ ಅಂಥವು. ಗಿಡದಿಂದ ಎಂಬುದು ಅರ್ಧ ಸತ್ಯ. 1940ರ ದಶಕದ ಆರಂಭದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನ ವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನಲ್ಲಿರುವ ಡಯೋಸ್ಜೆನಿನ್ ಎಂಬ ವಸ್ತುವಿನಿಂದ ಪ್ರೊಜೆಸ್ಟರಾನ್ ತಯಾರಿಸಿ ತೋರಿಸಿದರು. ಆದರೆ ಆ ಮಾರ್ಪಾಟು ಪ್ರಯೋಗಾಲಯದಲ್ಲಿ ಆಗಬೇಕು. ನಮ್ಮ ದೇಹಕ್ಕೆ ಆ ಶಕ್ತಿಯಿಲ್ಲವಾದ್ದರಿಂದ ಗೆಣಸನ್ನು ತಿಂದರೂ ಅರೆದು ಹಚ್ಚಿಕೊಂಡರೂ ಹಾರ್ಮೋನು ದೊರೆಯುವುದಿಲ್ಲ. ಇನ್ನೊಂದು ಕಡೆ, 1942ರಿಂದ ಬಳಕೆಯಲ್ಲಿರುವ ಪ್ರೆಮರಿನ್ ಮಾತ್ರೆಯಲ್ಲಿರುವುದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜೆನ್‌ಗಳು. ಮೂಲವನ್ನೇ ನೋಡುವುದಾದರೆ ಸಹಜ ಎನ್ನಬೇಕಾದದ್ದು ಇದನ್ನು. ಆದರೂ ಇದರಲ್ಲಿನ ಎಷ್ಟೋ ಅಣುಗಳು ಹೆಂಗಸಿನ ದೇಹದಲ್ಲಿ ಇರುವಂಥವಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಸಂಗತಿ ಬೇರೆಯೇ ಇತ್ತು. ಇದೇ ಎಸ್ಟ್ರಡೈಯಾಲ್ ಮತ್ತು ಪ್ರೊಜೆಸ್ಟರಾನ್, ಪರೀಕ್ಷೆಗೆ ಒಳಪಟ್ಟು ಅನುಮತಿ ಪಡೆದು, ಚರ್ಮಕ್ಕೆ ಅಂಟಿಸುವ ಪಟ್ಟಿ, ಜೆಲ್ ಮತ್ತು ಕ್ಯಾಪ್ಸೂಲ್ ರೂಪದಲ್ಲಿ, ಪ್ರಮಾಣ ನಮೂದಾಗಿ ದೊರೆಯುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬೆರೆಸಿ ಕೊಡುವ ಮುಲಾಮು ಇದಲ್ಲ. ಎರಡಕ್ಕೂ ಒಂದೇ ಹೆಸರು ಹಚ್ಚಿರುವುದರಿಂದಲೇ ನಾನು ಅಷ್ಟು ದಿನ ಗೊಂದಲದಲ್ಲಿದ್ದೆ.

ಸ್ತ್ರೀರೋಗ ತಜ್ಞೆಯೊಬ್ಬರ ಬಳಿಗೆ ಹೋಗಿ ಕುಳಿತಾಗ ನಾನು ಮೊದಲು ಕೇಳಿದ್ದು ಸ್ತನ ಕ್ಯಾನ್ಸರ್ ಬಗ್ಗೆ. ಆ ಭಯದ ಬೇರು ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದಲ್ಲಿದೆ. ಅದರ ಒಂದು ಭಾಗವನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ವೈದ್ಯೆ ನನ್ನೆದುರು ಕಾಗದದ ಮೇಲೆ ಅಂಕಿಗಳನ್ನು ಬರೆದರು. ಹಾರ್ಮೋನಿನ ಮಾತ್ರೆ ತೆಗೆದುಕೊಂಡ 10,000 ಹೆಂಗಸರಲ್ಲಿ, ತೆಗೆದುಕೊಳ್ಳದವರಿಗಿಂತ ವರ್ಷಕ್ಕೆ 8 ಮಂದಿಗೆ ಹೆಚ್ಚಾಗಿ ಸ್ತನ ಕ್ಯಾನ್ಸರ್ ಕಂಡಿತ್ತು, 8 ಮಂದಿಗೆ ಹೆಚ್ಚಾಗಿ ಪಾರ್ಶ್ವವಾಯು ಆಗಿತ್ತು. ಸೊಂಟದ ಮೂಳೆ ಮುರಿತ 5 ಮಂದಿಯಲ್ಲಿ ಕಡಿಮೆಯಾಗಿತ್ತು. ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅವರಿಗೆ ಕೊಟ್ಟದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಮತ್ತು ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಕೃತಕ ಹಾರ್ಮೋನು ಸೇರಿದ ಮಾತ್ರೆ. ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಟ್ಟ ಇನ್ನೊಂದು ಭಾಗದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಪಾರ್ಶ್ವವಾಯು ಹೆಚ್ಚಿತು. ಹಾಗಾದರೆ ಆ ಕೃತಕ ಹಾರ್ಮೋನಿನ ಬದಲು ಪ್ರೊಜೆಸ್ಟರಾನ್ ತೆಗೆದುಕೊಂಡರೆ ಏನೂ ಅಪಾಯವಿಲ್ಲವೇ ಎಂದು ಆಸೆಯಿಂದ ಕೇಳಿದೆ. ಫ್ರಾನ್ಸ್‌ನಲ್ಲಿ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ ಪ್ರೊಜೆಸ್ಟರಾನ್ ಬಳಸಿದವರಲ್ಲಿ ಅಪಾಯ ಕಡಿಮೆ ಕಂಡಿತ್ತು, ಆದರೆ ಅದು ಗಮನಿಸಿ ನೋಡಿದ್ದು, ಚೀಟಿ ಎತ್ತಿ ಗುಂಪು ಮಾಡಿ ಪರೀಕ್ಷಿಸಿದ್ದಲ್ಲ ಎಂದರು. "ಕಡಿಮೆ ಅಂತ ಹೇಳಬಹುದು, ಇಲ್ಲ ಅಂತ ನಾನು ಹೇಳಲಾರೆ" ಎಂದ ಆ ಒಂದು ಮಾತಿನಿಂದ ಅವರ ಮೇಲೆ ನನಗೆ ನಂಬಿಕೆ ಹುಟ್ಟಿತು.

ನನ್ನ ತಾಯಿಗೆ 60 ದಾಟಿದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇದನ್ನು ಮೊದಲ ಚಿಕಿತ್ಸಾಲಯದಲ್ಲಿ ಯಾರೂ ಕೇಳಿರಲಿಲ್ಲ. ನುಂಗಿದ ಈಸ್ಟ್ರೋಜೆನ್ ಮೊದಲು ಯಕೃತ್ತಿಗೆ ಹೋಗಿ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋದದ್ದು ಆ ದಾರಿ ಹಿಡಿಯುವುದಿಲ್ಲ. ಗಮನಿಸಿದ ಅಧ್ಯಯನಗಳಲ್ಲಿ ಸಾಮಾನ್ಯ ಪ್ರಮಾಣದ ಪಟ್ಟಿ ಅಥವಾ ಜೆಲ್ ಬಳಸಿದವರಲ್ಲಿ ಆ ಅಪಾಯ ಹೆಚ್ಚಿದ್ದು ಕಂಡಿಲ್ಲ. ಹೀಗಾಗಿ ಮಾತ್ರೆಯ ಪ್ರಶ್ನೆ ಅಲ್ಲಿಗೇ ಮುಗಿಯಿತು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಯಕೃತ್ತಿನ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ ಇವುಗಳಲ್ಲಿ ಯಾವುದೂ ನನಗಿಲ್ಲವೆಂದು ಖಚಿತಪಡಿಸಿಕೊಂಡು, ರಕ್ತದೊತ್ತಡ ನೋಡಿ, ಮ್ಯಾಮೋಗ್ರಾಮ್ ಎಂಬ ಸ್ತನದ ಎಕ್ಸ್‌ರೇ ಮಾಡಿಸಿದರು. ಹಾರ್ಮೋನು ಅಳೆಯುವ ರಕ್ತಪರೀಕ್ಷೆ ಬರೆಯಲೇ ಇಲ್ಲ. ಈ ವಯಸ್ಸಿನಲ್ಲಿ ಲಕ್ಷಣಗಳೇ ಸಾಕು, ಪ್ರಮಾಣವನ್ನು ಹೊಂದಿಸುವುದೂ ಲಕ್ಷಣ ನೋಡಿಯೇ ಎಂದು ನನ್ನ ಪುಸ್ತಕವನ್ನು ಕೇಳಿ ತೆಗೆದುಕೊಂಡು ಓದಿದರು. 60 ವರ್ಷದೊಳಗೆ, ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಆರಂಭಿಸಿದವರಿಗೆ ಲಾಭದ ತಕ್ಕಡಿ ಸಾಮಾನ್ಯವಾಗಿ ಕೆಳಗೆ ತೂಗುತ್ತದೆ. ನಾನು ಎರಡೂ ಲೆಕ್ಕದಲ್ಲಿ ಒಳಗಿದ್ದೆ.

ಎಸ್ಟ್ರಡೈಯಾಲ್ ಜೆಲ್ ಆರಿಸಿಕೊಂಡೆ. ಒಂದು ಸಲ ಪಂಪು ಒತ್ತಿದರೆ 0.75 ಮಿಲಿಗ್ರಾಂ ಹಾರ್ಮೋನು ಹೊರಬರುತ್ತದೆ. ಬೆಳಿಗ್ಗೆ ಸ್ನಾನವಾಗಿ ಮೈ ಒರೆಸಿಕೊಂಡ ಮೇಲೆ ಭುಜದಿಂದ ಮೊಣಕೈವರೆಗೆ ತೆಳ್ಳಗೆ ಸವರಿ, ತಿಕ್ಕದೆ, ಐದು ನಿಮಿಷ ತೋಳನ್ನು ಹಾಗೇ ಚಾಚಿ ಕೂರುತ್ತೇನೆ. ಮೊದಲು ತಣ್ಣಗೆ ಅನ್ನಿಸಿ, ಒಣಗುತ್ತ ಚರ್ಮ ತುಸು ಬಿಗಿದಂತಾದಾಗ ರವಿಕೆ ತೊಡುತ್ತೇನೆ. ಎದೆಗೆ ಹಚ್ಚಬಾರದು, ಕೈ ತೊಳೆಯಬೇಕು, ಹಚ್ಚಿದ ಜಾಗ ಮಕ್ಕಳ ಮೈಗೆ ತಾಗಬಾರದು. ಮೊಮ್ಮಗಳು ಮನೆಗೆ ಬಂದಾಗ ತೊಡೆಗೆ ಹಚ್ಚಿಕೊಂಡು ಬಟ್ಟೆಯಲ್ಲಿ ಮುಚ್ಚಿಕೊಳ್ಳುತ್ತೇನೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಗರ್ಭಕೋಶ ಇರುವವರು ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರ ಬೆಳೆಯುತ್ತಾ ಹೋಗಿ ಮುಂದೆ ಕ್ಯಾನ್ಸರ್‌ಗೆ ದಾರಿಯಾಗಬಹುದು. ಪ್ರೊಜೆಸ್ಟರಾನ್ ಅದನ್ನು ತಡೆಯುತ್ತದೆ. ನನಗೆ ಪ್ರತಿ ರಾತ್ರಿ 100 ಮಿಲಿಗ್ರಾಂ ಕ್ಯಾಪ್ಸೂಲ್ ಬರೆದಿದ್ದರು. ಅದು ನಿದ್ದೆ ಬರಿಸುವಂಥದ್ದು. ಊಟವಾದ ಕೂಡಲೇ ನುಂಗುತ್ತಿದ್ದ ನನಗೆ ಬೆಳಿಗ್ಗೆಯೂ ತಲೆ ತೂಗುತ್ತಿತ್ತು. ಜೆಲ್‌ನಿಂದಲೇ ಬಿಸಿ ಇಳಿದಿದೆಯಲ್ಲ ಎಂದು ಯಾರಿಗೂ ಹೇಳದೆ ಕ್ಯಾಪ್ಸೂಲನ್ನು ಆರು ವಾರ ಬಿಟ್ಟೆ. ಐದನೇ ತಿಂಗಳಲ್ಲಿ ರಕ್ತ ಕಂಡಿತು. ಸ್ಕ್ಯಾನ್‌ನಲ್ಲಿ ಒಳಪದರ ದಪ್ಪವಾಗಿದ್ದು ತಿಳಿದು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ಒಂಬತ್ತು ದಿನ ನನಗೆ ಊಟ ಸೇರಲಿಲ್ಲ. ಕೆಟ್ಟದ್ದೇನೂ ಇರಲಿಲ್ಲ. ಆಹಾರದ ಜೊತೆ ತೆಗೆದುಕೊಂಡರೆ ಪ್ರೊಜೆಸ್ಟರಾನ್ ರಕ್ತಕ್ಕೆ ಹೆಚ್ಚು ಸೇರುತ್ತದೆ, ಅದಕ್ಕೇ ಆ ಮಂಪರು. ಊಟವಾಗಿ ಎರಡು ಗಂಟೆ ಬಿಟ್ಟು ಮಲಗುವ ಮುಂಚೆ ನುಂಗಿ ಎಂದು ವೈದ್ಯೆ ತಿಳಿಸಿದರು. ಒಂದೇ ವಾರದಲ್ಲಿ ಮಂಪರು ಹೋಯಿತು. ಮೊದಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ಮೊದಲಿನ ಮುಲಾಮಿನಲ್ಲಿ ಪ್ರೊಜೆಸ್ಟರಾನ್ ಇತ್ತೆಂದೇ ಹೇಳಿದ್ದರು. ಆದರೆ ಚರ್ಮಕ್ಕೆ ಹಚ್ಚುವ ಪ್ರೊಜೆಸ್ಟರಾನ್ ಗರ್ಭಕೋಶದ ಒಳಪದರವನ್ನು ಕಾಯುತ್ತದೆಂದು ನೆಚ್ಚುವಂತಿಲ್ಲ. ಅದನ್ನು ವರ್ಷಗಟ್ಟಲೆ ಹಚ್ಚಿಕೊಂಡು ಸುರಕ್ಷಿತವಾಗಿದ್ದೇನೆಂದು ನಂಬಿರುವವರನ್ನು ನೆನೆದರೆ ನನಗೆ ಇಂದಿಗೂ ಕಳವಳವಾಗುತ್ತದೆ.

ಎಂಟನೇ ವಾರದಲ್ಲಿ ಪುಸ್ತಕದ ಲೆಕ್ಕ 61ರಿಂದ 9ಕ್ಕೆ ಇಳಿದಿತ್ತು. ಕೀಲುನೋವು ಹಾಗೇ ಉಳಿಯಿತು. ಯೋನಿಯ ಶುಷ್ಕತೆಗೆ ಜೆಲ್ ಸಾಲದೆ, ಅಲ್ಲಿಯೇ ಇಡುವ 10 ಮೈಕ್ರೋಗ್ರಾಂ ಎಸ್ಟ್ರಡೈಯಾಲ್ ಮಾತ್ರೆಯನ್ನು ಸೇರಿಸಿದರು. ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸ್ತನ ಕ್ಯಾನ್ಸರ್‌ನಿಂದ ಗುಣವಾದ ನನ್ನ ಸಹೋದ್ಯೋಗಿ ತಾನೂ ಜೆಲ್ ಹಚ್ಚಬಹುದೇ ಎಂದು ಕೇಳಿದಾಗ ಬೇಡವೆಂದು ಹೇಳಿ, ಬಿಸಿ ಏರುವುದಕ್ಕೆ ಹಾರ್ಮೋನಿಲ್ಲದ ಔಷಧಗಳೂ ಇವೆ, ನಿಮ್ಮ ಕ್ಯಾನ್ಸರ್ ವೈದ್ಯರನ್ನೇ ಕೇಳಿ ಎಂದೆ.

ಈಗ ನನಗೆ 54. ವರ್ಷಕ್ಕೊಮ್ಮೆ ವೈದ್ಯೆಯ ಎದುರು ಪುಸ್ತಕ ತೆರೆದಿಟ್ಟು, ಮುಂದುವರಿಸಬೇಕೇ ಬೇಡವೇ ಎಂಬುದನ್ನು ಮೊದಲಿನಿಂದ ಮಾತಾಡುತ್ತೇವೆ. ಈ ಬಾರಿ ಎರಡು ಪಂಪಿನಿಂದ ಒಂದಕ್ಕೆ ಇಳಿಸಿ ನೋಡಿದೆವು. ಮೂರನೇ ವಾರಕ್ಕೆ ನಾಲ್ಕು ರಾತ್ರಿ ಮತ್ತೆ ಹೊದಿಕೆ ಒದ್ದು ಎದ್ದು ಕುಳಿತೆ. ಒಂದೂವರೆ ತಿಂಗಳು ತಾಳಿ ನೋಡಿ ಎಂದಿದ್ದಾರೆ. ಇಂದಿಗೆ ಐದನೇ ವಾರ, ನಿನ್ನೆ ರಾತ್ರಿಯ ಸಾಲಿನಲ್ಲಿ ಒಂದು ಸಲ ಎಂದು ಬರೆದಿದ್ದೇನೆ.