ಕೈ ಬಂತು ಸರ್

ಆಪರೇಷನ್‌ನ ಹಿಂದಿನ ಸಂಜೆ ವಾರ್ಡಿಗೆ ಹೋಗಿ ಪೇಷಂಟ್ ಜೊತೆ ಹತ್ತು ನಿಮಿಷ ಕೂರುವುದು ನನ್ನ ಅಭ್ಯಾಸ. ಆ ಹೆಂಗಸು ಮಲೆನಾಡಿನವರು, ನಲವತ್ತು ದಾಟಿದ್ದರು. ಮೆದುಳಿನ ಬಲಭಾಗದಲ್ಲಿ, ಎಡಗೈ ಆಡಿಸುವ ಜಾಗಕ್ಕೆ ಅಂಟಿಕೊಂಡೇ ಗಡ್ಡೆ ಬೆಳೆದಿತ್ತು. "ಡಾಕ್ಟ್ರೇ, ಆಮೇಲೆ ಅಡಿಕೆ ಸುಲಿಯೋಕೆ ಆಗುತ್ತಾ?" ಅಂತ ಕೇಳಿದರು.

"ನಾನು ಡಾಕ್ಟರ್ ಅಲ್ಲಮ್ಮಾ. ಆಪರೇಷನ್ ಆಗುವಾಗ ನಿಮ್ಮ ಕೈಕಾಲು ಆಡ್ತಿದೆಯಾ ಅಂತ ನೋಡಿಕೊಳ್ಳೋನು" ಅಂದೆ.

"ನಾನು ಮಲಗಿರ್ತೀನಲ್ಲ, ನಿಮಗೆ ಹೆಂಗೆ ಗೊತ್ತಾಗುತ್ತೆ?"

ಸರಿಯಾದ ಪ್ರಶ್ನೆ. ನನ್ನ ಕೆಲಸವೆಲ್ಲ ಅದರ ಉತ್ತರವೇ. ಮೆದುಳಿಗೆ ಪುಟ್ಟ ಕರೆಂಟ್ ಕೊಟ್ಟು, ಅದು ಕೈಕಾಲಿನ ಸ್ನಾಯುವಿಗೆ ಮುಟ್ಟುತ್ತಿದೆಯಾ ಅಂತ ಪರದೆಯಲ್ಲಿ ನೋಡುವುದು. ಹೆಬ್ಬೆರಳನ್ನು ಒಂದೊಂದು ಬೆರಳಿಗೂ ತಾಗಿಸಲು ಹೇಳಿದೆ. ಎಡಗೈ ಕಿರುಬೆರಳು ಸ್ವಲ್ಪ ತಡ ಮಾಡುತ್ತಿತ್ತು. ಬರೆದುಕೊಂಡೆ. ಮೊದಲೇ ಸೋತಿರುವ ಸ್ನಾಯುವಿನ ಸಿಗ್ನಲ್ ಮೊದಲೇ ಸಣ್ಣದಿರುತ್ತದೆ. ಅದು ಗೊತ್ತಿಲ್ಲದಿದ್ದರೆ ಮಾರನೇ ದಿನ ಸುಮ್ನೆ ಗಾಬರಿ.

ಕೆಲವರನ್ನು ಎಚ್ಚರವಾಗಿಟ್ಟುಕೊಂಡೇ ಆಪರೇಷನ್ ಮಾಡುತ್ತಾರೆ. ಇವರಿಗೆ ಫಿಟ್ಸ್ ಜಾಸ್ತಿ, ಹೆದರಿಕೆಯೂ ಜಾಸ್ತಿ. ಪೂರ್ತಿ ಅರಿವಳಿಕೆಯಲ್ಲೇ ಮಾಡುವುದು ಅಂತ ತೀರ್ಮಾನವಾಗಿತ್ತು.

ಬೆಳಿಗ್ಗೆ ಓಟಿಯಲ್ಲಿ ನನ್ನ ಮೊದಲ ಮಾತು ಅನಸ್ತೇಷಿಯಾ ಮೇಡಂ ಜೊತೆ. ಟ್ಯೂಬ್ ಹಾಕುವಾಗ ಕೊಟ್ಟ ಸ್ನಾಯು ಸಡಿಲಿಸುವ ಔಷಧಿಯನ್ನು ಆಮೇಲೆ ಮತ್ತೆ ಕೊಡಬಾರದು. ಕೊಟ್ಟರೆ ಮೆದುಳು ಎಷ್ಟು ಕೂಗಿದರೂ ಕೈಗೆ ಕೇಳುವುದಿಲ್ಲ. ಗ್ಯಾಸ್ ಕೂಡ ಬೇಡ, ಸಿಗ್ನಲ್ ಕುಗ್ಗಿಸುತ್ತದೆ. ಪ್ರೋಪೋಫಾಲ್ ಮತ್ತು ಫೆಂಟನಿಲ್ ಡ್ರಿಪ್‌ನಲ್ಲಿ ಸಾಗಬೇಕು. ಮೇಡಂ ಪಾಲಿಗೆ ಇದು ಕಷ್ಟದ ಕೆಲಸ. ಪೇಷಂಟ್ ಅಲುಗಬಾರದು, ಆದರೆ ಅಲುಗಿಸುವ ದಾರಿ ತೆರೆದೇ ಇರಬೇಕು. ಜೊತೆಗೆ ಹಲ್ಲುಗಳ ನಡುವೆ ಮೆತ್ತನೆಯ ಬೈಟ್ ಬ್ಲಾಕ್. ತಲೆಗೆ ಕರೆಂಟ್ ಕೊಟ್ಟಾಗ ದವಡೆ ಬಿಗಿದು ನಾಲಿಗೆ ಕಚ್ಚಿಕೊಂಡೀತು.

ಆಮೇಲೆ ಸ್ನಾಯುವಿನ ಸಿಗ್ನಲ್ ಹಿಡಿಯುವ ಸೂಜಿಗಳು. ತುಟಿಯ ಪಕ್ಕ, ಭುಜ, ಮುಂಗೈ, ಹೆಬ್ಬೆರಳ ಬುಡ, ತೊಡೆ, ಮೊಣಕಾಲ ಕೆಳಗೆ, ಪಾದ. ಒಂದೊಂದು ಸ್ನಾಯುವಿಗೆ ಎರಡೆರಡು. ಬಲಗಡೆ ಕೈಗೂ ಹಾಕುತ್ತೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಮ್ಮೆ ಕೈಯ ವೈರನ್ನು ಕಾಲಿನ ತೂತಿಗೂ ಕಾಲಿನದನ್ನು ಕೈಯದಕ್ಕೂ ಚುಚ್ಚಿದ್ದೆ. ಪರದೆಯಲ್ಲಿ 'ಕೈ' ಅನ್ನುವ ಗೆರೆಯಲ್ಲಿ ಅಲೆ 38 ಮಿಲಿಸೆಕೆಂಡ್‌ಗೆ ಎದ್ದಿತು. ಕೈಗೆ ಸುದ್ದಿ ಮುಟ್ಟಲು ಇಪ್ಪತ್ತು ಚಿಲ್ಲರೆ ಮಿಲಿಸೆಕೆಂಡ್ ಸಾಕು. ಅಷ್ಟು ತಡವಾಗಿ ಬರುವುದು ಪಾದ. ಬೆವರಿಬಿಟ್ಟೆ. ಇನ್ನೂ ಚರ್ಮ ಕೊಯ್ದಿರಲಿಲ್ಲ, ಬಚಾವ್. ಅಂದಿನಿಂದ ಪ್ರತಿ ವೈರನ್ನೂ ಬಾಯಿಬಿಟ್ಟು ಹೇಳಿಕೊಂಡೇ ಚುಚ್ಚುತ್ತೇನೆ. ಸಿಸ್ಟರ್‌ಗಳು ನಗುತ್ತಾರೆ, ನಗಲಿ.

ನಾವು ಕೊಡುವುದು ಒಂದೇ ಹೊಡೆತ ಅಲ್ಲ. ಮಿಲಿಸೆಕೆಂಡ್‌ಗಳ ಅಂತರದಲ್ಲಿ ಐದು ಪುಟ್ಟ ಹೊಡೆತಗಳ ಸರ. ಕೆಟ್ಟು ನಿಂತ ಗಾಡಿ ಒಂದು ತಳ್ಳಿಗೆ ಕದಲುವುದಿಲ್ಲ, ಬಿಡದೆ ಐದು ಸಲ ತಳ್ಳಿದರೆ ಉರುಳುತ್ತದೆ. ಅರಿವಳಿಕೆಯಲ್ಲಿರುವ ಬೆನ್ನುಹುರಿಯ ನರಕೋಶಗಳದ್ದೂ ಅದೇ ಕಥೆ. ತನಿಗುಚಿ ಮತ್ತು ಸಂಗಡಿಗರು 1993ರಲ್ಲಿ ಈ ವಿಧಾನವನ್ನು ಮೆದುಳಿನ ಮೇಲೆ ಬಳಸಿ ತೋರಿಸಿದರು. ಅದಕ್ಕೂ ಮುಂಚೆ ಮಾಂಟ್ರಿಯಲ್‌ನ ಮೆದುಳಿನ ಸರ್ಜನ್ ಪೆನ್‌ಫೀಲ್ಡ್ ಕಾಲದ ಪದ್ಧತಿಯಲ್ಲಿ ಸೆಕೆಂಡುಗಟ್ಟಲೆ ಕರೆಂಟ್ ಹರಿಸಬೇಕಿತ್ತು. ಇವತ್ತಿಗೂ ಅದು ಬಳಕೆಯಲ್ಲಿದೆ, ಆದರೆ ಫಿಟ್ಸ್ ಬರುವ ಭಯ ಅದರಲ್ಲಿ ಹೆಚ್ಚು. ಫಿಟ್ಸ್ ಬಂದರೆ ಮೆದುಳಿನ ಮೇಲೆ ತಣ್ಣಗಿನ ರಿಂಗರ್ ಲ್ಯಾಕ್ಟೇಟ್ (ಸಲೈನ್‌ನಂಥ ದ್ರಾವಣ) ಸುರಿಯುತ್ತಾರೆ. ಸ್ಟಿಮ್, ಅಂದರೆ ಮೆದುಳಿಗೆ ಕರೆಂಟ್ ಕೊಡುವುದು, ಶುರು ಮಾಡುವ ಮೊದಲು ಅದು ಟೇಬಲ್ ಮೇಲಿದೆಯಾ ಅಂತ ನಾನೇ ಕೇಳುತ್ತೇನೆ.

ಮೆದುಳಿನ ಪೊರೆ ತೆರೆದ ಮೇಲೆ ಸರ್, ಅಂದರೆ ನಮ್ಮ ಸರ್ಜನ್, ಆರು ಲೋಹದ ಚುಕ್ಕೆಗಳಿರುವ ತೆಳು ಸ್ಟ್ರಿಪ್ ಇಟ್ಟರು. ಎಡ ಮಣಿಕಟ್ಟಿನ ನರಕ್ಕೆ ಕರೆಂಟ್ ಕೊಟ್ಟೆ. ಸುಮಾರು 20 ಮಿಲಿಸೆಕೆಂಡ್‌ಗೆ ಮೆದುಳಿನಲ್ಲಿ ಅಲೆ ಏಳುತ್ತದೆ. ಹಿಂದಿನ ಚುಕ್ಕೆಗಳಲ್ಲಿ ಅದು ಒಂದು ದಿಕ್ಕಿಗೆ, ಮುಂದಿನ ಚುಕ್ಕೆಗಳಲ್ಲಿ ತಲೆಕೆಳಗು. ಎಲ್ಲಿ ಮಗುಚುತ್ತದೋ ಅಲ್ಲೇ ಸೆಂಟ್ರಲ್ ಸಲ್ಕಸ್ ಅನ್ನುವ ಕಣಿವೆ. ಅದರ ಹಿಂದಿನ ದಿಣ್ಣೆ ಸ್ಪರ್ಶದ್ದು, ಮುಂದಿನದು ಚಲನೆಯದ್ದು. ಎಂಆರ್‌ಐ ನೋಡಿ ದಾರಿ ತೋರಿಸುವ ನ್ಯಾವಿಗೇಷನ್ ಇದೆ, ನಿಜ. ಆದರೆ ನೀರು ಬಸಿದು ಗಡ್ಡೆ ಖಾಲಿಯಾಗುತ್ತಾ ಹೋದಂತೆ ಮೆದುಳು ಕುಸಿಯುತ್ತದೆ. ಬೆಳಗಿನ ನಕ್ಷೆ ಮಧ್ಯಾಹ್ನಕ್ಕೆ ಸುಳ್ಳು ಹೇಳತೊಡಗುತ್ತದೆ.

"ಸ್ಟಿಮ್ ಕೊಡ್ತೀನಿ ಸರ್." ಹೇಳದೆ ಕೊಡುವ ಹಾಗಿಲ್ಲ, ಮೈ ಅದುರುತ್ತದೆ, ಅವರ ಕೈಯಲ್ಲಿ ಕತ್ತರಿ ಇರುತ್ತದೆ. ಅದೇ ಸ್ಟ್ರಿಪ್‌ನಿಂದ ಕೊಟ್ಟೆ, 9 ಮಿಲಿಆಂಪ್‌ಗೆ ಹೆಬ್ಬೆರಳಿನ ಗೆರೆ ಎದ್ದಿತು. ಸ್ವಲ್ಪ ಮೇಲೆ, 11ಕ್ಕೆ ನಿಲ್ಲಿಸಿದೆ. ಅಲೆಯ ಎತ್ತರ 400 ಮೈಕ್ರೋವೋಲ್ಟ್.

"ಕೈ ಬಂತಾ?"

"ಬಂತು ಸರ್."

ಮುಂದಿನ ಮೂರು ತಾಸು ಇದೇ ಸಂಭಾಷಣೆ.

ಮೊದಲ ಸಲ ಗೆರೆ ಬಿದ್ದಾಗ ನೇರವಾಗಿ 40ಕ್ಕೆ ಇಳಿಯಿತು. ಅರ್ಧಕ್ಕಿಂತ ಕೆಳಗೆ ಹೋದರೆ ಎಚ್ಚರಿಸಬೇಕು ಅಂತ ನಿಯಮ. "ಸರ್, ಕೈ ಬಿದ್ದಿದೆ, ನೋಡ್ತಿದ್ದೀನಿ" ಅಂದೆ. ಹೊಸಬನಿದ್ದಾಗ ಎರಡನೇ ಮಾತು ಹೇಳುತ್ತಿರಲಿಲ್ಲ, ಬರೀ ಕೂಗಿಬಿಡುತ್ತಿದ್ದೆ. ಪದೇ ಪದೇ ಕೂಗಿದರೆ ತೋಳ ಬಂತು ತೋಳ ಕಥೆಯಾಗುತ್ತದೆ. ಸ್ನಾಯು ಸಡಿಲಿಸುವ ಔಷಧಿ? ಮಣಿಕಟ್ಟಿನಲ್ಲಿ ನಾಲ್ಕು ಹೊಡೆತ ಕೊಟ್ಟರೆ ನಾಲ್ಕಕ್ಕೂ ಬೆರಳು ಕುಣಿಯಿತು, ಅದಲ್ಲ. ಬಿಪಿ ಸರಿ. ತಲೆಯ ಚರ್ಮದ ಎಲೆಕ್ಟ್ರೋಡ್‌ನಿಂದ ಕೊಟ್ಟೆ, ಎಡಗೈ ಚೆನ್ನಾಗಿಯೇ ಬಂತು. ಹಾಗಾದರೆ ದಾರಿ ಸರಿಯಿದೆ, ಸ್ಟ್ರಿಪ್‌ನಲ್ಲೇ ಏನೋ. "ಸರ್, ಸ್ಟ್ರಿಪ್ ಒಮ್ಮೆ ನೋಡ್ತೀರಾ?" ಮೆದುಳು ಕುಸಿದು ಸ್ಟ್ರಿಪ್ ಗಾಳಿಯಲ್ಲಿ ನಿಂತಿತ್ತು. ಒದ್ದೆ ಹತ್ತಿ ಇಟ್ಟು ಒತ್ತಿದರು. 380.

ಆಳದ ಅಂಚಿಗೆ ಬಂದಾಗ ಬೇರೆ ಲೆಕ್ಕ. ಚಲನೆಯ ನರತಂತುಗಳ ಕಟ್ಟು ಕೆಳಗಿಳಿಯುವುದು ಅಲ್ಲೇ. ಒಂದೇ ಮೊನೆಯ ಕಡ್ಡಿಯಿಂದ ಗಡ್ಡೆಯ ಗೋಡೆಗೆ ಕರೆಂಟ್ ತಾಗಿಸುತ್ತಾರೆ. ಎಷ್ಟು ಮಿಲಿಆಂಪ್‌ಗೆ ಕೈ ಬರುತ್ತದೋ ಹೆಚ್ಚುಕಮ್ಮಿ ಅಷ್ಟು ಮಿಲಿಮೀಟರ್ ದೂರ ಅಂತ ಅಂದಾಜು. ಸ್ವಿಟ್ಜರ್ಲೆಂಡಿನ ಬರ್ನ್‌ನವರು ಸಕ್ಷನ್ ಕೊಳವೆಗೇ ಕರೆಂಟ್ ಜೋಡಿಸಿ, ಹೀರುತ್ತಲೇ ಅಳೆಯುವ ಉಪಾಯ ಮಾಡಿದ್ದಾರೆ. ನಮ್ಮಲ್ಲಿ ಹೀರುವುದು, ನಿಲ್ಲಿಸುವುದು, ಮುಟ್ಟಿ ನೋಡುವುದು. ಹದಿನೈದಕ್ಕೆ ಬಂತು, ಹತ್ತಕ್ಕೆ ಬಂತು, ಏಳಕ್ಕೆ ಬಂತು. "ಐದಕ್ಕೂ ಬಂತು ಸರ್."

ಆಗ ಎರಡನೇ ಸಲ ಬಿತ್ತು. ಈ ಸಲ ಮೆಲ್ಲಗೆ. 400 ಇದ್ದದ್ದು 250, ಆಮೇಲೆ 150. ಸ್ಟ್ರಿಪ್ ಜಾಗದಲ್ಲೇ ಇತ್ತು. ಕರೆಂಟನ್ನು 16ಕ್ಕೆ ಏರಿಸಿದರೂ ಅಲೆ ಅಷ್ಟಕ್ಕಷ್ಟೆ. ನೆತ್ತಿಯಿಂದ ಕೊಟ್ಟೆ, ಬಲಗೈ ಗಟ್ಟಿಯಾಗಿ ಬಂತು, ಎಡಗೈ ನೀರಸ. ಔಷಧಿಯ ಆಟವಾಗಿದ್ದರೆ ಎರಡೂ ಕೈ ಬೀಳಬೇಕಿತ್ತು. ಬಲಗೈಗೆ ಸೂಜಿ ಚುಚ್ಚುವುದು ಇದಕ್ಕೇ.

"ಸರ್, ಇದು ನಿಜ."

ಅವರು ಉಪಕರಣ ಹೊರತೆಗೆದು, ಎರಡೂ ಕೈ ಎದೆಯ ಹತ್ತಿರ ಹಿಡಿದು ನಿಂತರು. ಬೆಚ್ಚಗಿನ ಸಲೈನ್ ಹಾಕಿದರು. ಅಂಚಿನಲ್ಲಿ ಒಂದು ಸಣ್ಣ ರಕ್ತನಾಳ ಬಿಗಿದು ಬೆಳ್ಳಗಾಗಿತ್ತು. ರಕ್ತನಾಳ ಸಡಿಲಿಸುವ ಪಾಪಾವೆರಿನ್ ಔಷಧಿಯಲ್ಲಿ ನೆನೆಸಿದ ಹತ್ತಿ ಇಟ್ಟರು. ಮೇಡಂ ಬಿಪಿ ಏರಿಸಿದರು. ನಾನು ನಿಮಿಷಕ್ಕೊಮ್ಮೆ ಕೊಟ್ಟು ಸಂಖ್ಯೆ ಓದಿದೆ. 140. 150. 150. ಹನ್ನೆರಡನೇ ನಿಮಿಷಕ್ಕೆ 220, ಆಮೇಲೆ 300ರ ಹತ್ತಿರ. ಸರ್ ಮೈಕ್ರೋಸ್ಕೋಪ್‌ನಲ್ಲಿ ಇನ್ನೊಮ್ಮೆ ನೋಡಿ, "ಇಷ್ಟು ಸಾಕು" ಅಂದರು. ಗಡ್ಡೆಯ ತೆಳ್ಳನೆಯ ಒಂದು ಪದರ ಅಲ್ಲೇ ಉಳಿಯಿತು.

ಸಿಗ್ನಲ್ ಚೆನ್ನಾಗಿದ್ದೂ ಕೈ ಏಳದ ದಿನಗಳು ಇವೆ. ಚಲನೆಯ ಜಾಗದ ಮುಂದೆ, ಮೆದುಳಿನ ನಡುಗೆರೆಯ ಹತ್ತಿರ, ಚಲನೆ ಶುರು ಮಾಡಿಸುವ ಇನ್ನೊಂದು ಭಾಗವಿದೆ. ಅಲ್ಲಿನ ಗಡ್ಡೆ ತೆಗೆದಾಗ ಒಬ್ಬ ಹುಡುಗ ಎದ್ದ ಮೇಲೆ ಬಲಗಡೆ ಆಡಿಸಲೇ ಇಲ್ಲ, ಮಾತೂ ಇಲ್ಲ. ಅವರಪ್ಪ ನನ್ನನ್ನೇ ನೋಡುತ್ತಿದ್ದರು. ತಂತಿ ಕಡಿದಿಲ್ಲ, ಸ್ವಿಚ್ ಮಾತ್ರ ಸದ್ಯಕ್ಕೆ ಕೆಲಸ ಮಾಡುತ್ತಿಲ್ಲ, ವಾರಗಳು ಹಿಡಿಯುತ್ತವೆ ಅಂತ ಸರ್ ವಿವರಿಸಿದರು. ಹಾಗೇ ಆಯಿತು. ಆದರೆ ಆ ವಾರಗಳಲ್ಲಿ ನನ್ನ ಗೆರೆಗಳ ಮೇಲೆ ನನಗೇ ಅನುಮಾನ ಬಂದಿತ್ತು.

ಈ ಅಮ್ಮನಿಗೆ ಎಚ್ಚರವಾದಾಗ ಎಡಗೈ ಮುಷ್ಟಿ ಸಡಿಲವಾಗಿತ್ತು, ಆದರೆ ಕಟ್ಟಿದರು. ಮೂರನೇ ದಿನ ಲೋಟ ಹಿಡಿದರು. ನಾಲ್ಕು ತಿಂಗಳ ಮೇಲೆ ಸ್ಕ್ಯಾನ್‌ಗೆ ಬಂದಾಗ ಕಾರಿಡಾರಿನಲ್ಲಿ ಸಿಕ್ಕರು. ಹೆಬ್ಬೆರಳನ್ನು ಬೆರಳುಗಳಿಗೆ ತಾಗಿಸಿ ತೋರಿಸಿದರು, ಕಿರುಬೆರಳು ಮೊದಲಿನ ಹಾಗೇ ತಡ.

"ಅಡಿಕೆ?" ಅಂದೆ.

"ಸುಲಿತೀನಿ, ಮೊದಲಿನ ಅರ್ಧ. ಕೈ ಪರವಾಗಿಲ್ಲ, ಮೆಟ್ಟುಗತ್ತಿ ಮುಂದೆ ಕೂತ್ರೆ ಸೊಂಟ ಹಿಡ್ಕೊಳುತ್ತೆ. ಅದಕ್ಕೇನಾದ್ರೂ ಮಷಿನ್ ಇದೆಯಾ ನಿಮ್ಮತ್ರ?"